ಡೇರಿಯ ಸಾಲಿನಲ್ಲಿ ಅಪ್ಪ ನನ್ನ ಪಕ್ಕ ನಿಂತ ದಿನ. ನಿಮ್ಮ ಮನೆಯಲ್ಲಿ ಹೇಗೆ ಕಲಿಸಿದರು?

ನಾಗಮಂಗಲದ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ಕೊನೆಯಲ್ಲಿ ನಿಮ್ಮನ್ನು ಒಂದು ವಿಷಯ ಕೇಳುವುದಿದೆ.

1993ರ ಮಾತು. ನನಗೆ ಆಗ 10 ವರ್ಷ. ನಮ್ಮದು ನಾಗಮಂಗಲದ ಹತ್ತಿರ ಒಂದು ಸಣ್ಣ ಊರು. ಮಳೆ ನಂಬಿಕೊಂಡ ರಾಗಿ ಹೊಲ, ಮನೆಯಲ್ಲಿ ಒಂದು ಸೀಮೆ ಹಸು. ರಾಗಿ ಬರುವುದು ವರ್ಷಕ್ಕೊಂದು ಸಲ. ಎಣ್ಣೆ, ಸೋಪು, ನಮ್ಮ ನೋಟ್‌ಬುಕ್ಕು ಎಲ್ಲಾ ಡೇರಿ ಬಟವಾಡೆ ದುಡ್ಡಿನಲ್ಲೇ ಆಗಬೇಕಿತ್ತು. ಬೆಳಿಗ್ಗೆ ಅವ್ವ ಹಾಲು ಕರೆದು ಕೊಟ್ಟರೆ ಡೇರಿಗೆ ಹಾಕಿ ಬರುವುದು ನನ್ನ ಕೆಲಸ. ಕೈಯಲ್ಲಿ ಹಾಲಿನ ಕ್ಯಾನು, ಕಂಕುಳಲ್ಲಿ ಡೇರಿ ಪುಸ್ತಕ. ಆ ಕೆಲಸ ನನಗೆ ತುಂಬಾ ಇಷ್ಟವಿತ್ತು. ದೊಡ್ಡವರ ಸಾಲಿನಲ್ಲಿ ನಾನೂ ನಿಲ್ಲುತ್ತಿದ್ದೆ ಅಲ್ವಾ.

ಒಂದು ದಿನ ದಾರಿಯಲ್ಲಿ ಗೆಳತಿಯ ಜೊತೆ ಓಡುವ ಪಂದ್ಯ ಕಟ್ಟಿದೆ. ಎಡವಿದೆ. ಮುಚ್ಚಳ ಹಾರಿಹೋಯಿತು. 4 ಲೀಟರಿನಲ್ಲಿ ಅರ್ಧ ಲೀಟರಿನಷ್ಟು ಮಣ್ಣಿಗೆ ಹೋಯಿತು. ಅವ್ವ ಬೈಯುತ್ತಾಳೆ ಅನ್ನೋದಷ್ಟೇ ತಲೆಯಲ್ಲಿ. ಪಕ್ಕದಲ್ಲೇ ಬೋರಿನ ಕೈಪಂಪು ಇತ್ತು. ಎರಡು ಸಲ ಒತ್ತಿ, ಕ್ಯಾನನ್ನು ಮೊದಲಿನಷ್ಟಕ್ಕೇ ತುಂಬಿಸಿದೆ.

ಡೇರಿಯಲ್ಲಿ ಹಾಲು ಅಳೆದು ದೊಡ್ಡ ಕ್ಯಾನಿಗೆ ಸುರಿದರು. ಆಮೇಲೆ ತೆಗೆದಿಟ್ಟ ಸ್ಯಾಂಪಲ್ಲಿಗೆ, ಹಾಲು ಎಷ್ಟು ಗಟ್ಟಿ ಅಂತ ಡಿಗ್ರಿಯಲ್ಲಿ ತೋರಿಸುವ ಲ್ಯಾಕ್ಟೋಮೀಟರ್ ಬಿಟ್ಟರು. ದಿನಾ 28 ಡಿಗ್ರಿ ಬರುತ್ತಿದ್ದ ನಮ್ಮ ಹಾಲು 24ಕ್ಕೆ ನಿಂತಿತು. ಸೆಕ್ರೆಟರಿ ನನ್ನ ಮುಖ ನೋಡಿದರು. "ಏನವ್ವ, ಡಿಗ್ರಿನೇ ಬಂದಿಲ್ವಲ್ಲ?" ಅಂದರು. ಹಿಂದೆ ಏಳೆಂಟು ಜನ ನಿಂತಿದ್ದರು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ನಂಗೊತ್ತಿಲ್ಲ. ಅವ್ವ ಕೊಟ್ಟಿದ್ದೇ ಹಂಗೆ."

ನೀರು ಹಾಕಿದ್ದಕ್ಕಿಂತ ಆ ಮಾತು ನನ್ನನ್ನು ಇವತ್ತಿಗೂ ಸುಡುತ್ತದೆ.

ಮಧ್ಯಾಹ್ನದೊಳಗೆ ಊರಿಗೆಲ್ಲಾ ಸುದ್ದಿ. ನೀರು ಹಿಡಿಯಲು ಹೋದ ಅವ್ವನಿಗೆ ಯಾರೋ ಮುಖಕ್ಕೇ ಹೇಳಿದರಂತೆ. ಮನೆಗೆ ಬಂದು ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಕೂತುಬಿಟ್ಟಳು. ಸಂಜೆ ಹಾಲು ಕರೆದಳು, ಕ್ಯಾನು ಮುಚ್ಚಿದಳು, "ನೀವೇ ಹಾಕ್ಬನ್ನಿ, ನನ್ ಕೈಯಿಂದ ಬೇಡ" ಅಂತ ಅಪ್ಪನ ಮುಂದೆ ಇಟ್ಟಳು. ರಾತ್ರಿ ಮುದ್ದೆ ಮುಟ್ಟಲಿಲ್ಲ. ನಾನೂ ಉಣ್ಣಲಿಲ್ಲ. ಅಪ್ಪ ಜಗಲಿ ಮೇಲೆ ಕೂತಿದ್ದವರು ನನ್ನನ್ನು ಕರೆದು, "ಏನಾಯ್ತು ಹೇಳವ್ವ" ಅಂದರು. ಅಷ್ಟೇ. ದನಿ ಏರಿಸಲಿಲ್ಲ. ಎಲ್ಲಾ ಹೇಳಿಬಿಟ್ಟೆ.

ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಬೆಳಿಗ್ಗೆ ನಾನೂ ಬತ್ತೀನಿ" ಅಂದರು.

ಮರುದಿನ ಸಾಲಿನಲ್ಲಿ ನಿಂತೆವು. ನಮ್ಮ ಸರದಿ ಬಂತು. ಅಪ್ಪ ಸೆಕ್ರೆಟರಿಗೆ ಹೇಳಿದರು: "ನೆನ್ನೆ ಬೆಳಿಗ್ಗೆ ಹಾಲಿಗೆ ನೀರು ಬೆರೆತಿತ್ತು. ತಪ್ಪು ನಮ್ಮ ಮನೆದು. ಆ ಹಾಲಿನ ದುಡ್ಡು ಬರೀಬೇಡಿ." ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು: "ಅವ್ವನ ವಿಷಯ ನೀನೇ ಹೇಳಬೇಕು ಕಣವ್ವ. ಅದನ್ನ ನಾನು ಹೇಳಕ್ಕಾಗಲ್ಲ." ನಾನು ಹೇಳಿದೆ. ಅವ್ವ ಹಾಕಿರಲಿಲ್ಲ, ನಾನು ಹಾಕಿದ್ದು ಅಂತ. ಅಳುತ್ತಾ ಹೇಳಿದೆ. ಮಾತು ಮುಗಿಯುವವರೆಗೂ ಅಪ್ಪನ ಕೈ ಹೆಗಲ ಮೇಲೇ ಇತ್ತು.

ವಾಪಸ್ ಬರುವಾಗ ಅಪ್ಪ ಏನೂ ಬುದ್ಧಿ ಹೇಳಲಿಲ್ಲ. ಸಂಜೆ ಅವ್ವ ಹಾಲು ಕರೆದು ಕೊಟ್ಟಾಗ ಅಪ್ಪ ಕ್ಯಾನು ತಗೊಂಡು ನನ್ನ ಕೈಗೇ ಕೊಟ್ಟರು. "ಓಡ್ಬೇಡ" ಅಂದರು. ಅಷ್ಟೇ.

ಈಗ ನನ್ನ ಪ್ರಶ್ನೆ. ನನ್ನ ಮಗನಿಗೆ 9 ವರ್ಷ. ನಾವೀಗ ಮೈಸೂರಿನಲ್ಲಿದ್ದೇವೆ. ಮೊನ್ನೆ 200 ರೂಪಾಯಿ ಕೊಟ್ಟು ಅಂಗಡಿಗೆ ಕಳಿಸಿದ್ದೆ. 140 ರೂಪಾಯಿ ಸಾಮಾನು. ಚಿಲ್ಲರೆ 60 ತಂದುಕೊಟ್ಟ. ಇವತ್ತು ಅವನ ಜಾಮೆಟ್ರಿ ಬಾಕ್ಸಿನಲ್ಲಿ 300 ರೂಪಾಯಿ ಸಿಕ್ಕಿತು. ಕೇಳಿದರೆ ಮೊದಲು ಫ್ರೆಂಡ್ ಕೊಟ್ಟ ಅಂದ. ಆಮೇಲೆ ಬಾಯಿಬಿಟ್ಟ. ಅಂಗಡಿಯವರು 500ರ ನೋಟು ಅಂದುಕೊಂಡು 360 ಕೊಟ್ಟಿದ್ದಾರೆ. ಇವನು 300 ಇಟ್ಟುಕೊಂಡು ಉಳಿದದ್ದು ನನಗೆ ಕೊಟ್ಟಿದ್ದಾನೆ. ಲೆಕ್ಕ ಎಷ್ಟು ಸರಿಯಾಗಿ ಮಾಡಿದ್ದಾನೆ ನೋಡಿ. ಅದು ನೋಡಿ ನನಗೆ ಇನ್ನೂ ಭಯವಾಯಿತು.

ನಮ್ಮಪ್ಪ ಮಾಡಿದ ಹಾಗೆ ನಾನೂ ಅವನನ್ನು ಅಂಗಡಿಗೆ ಕರೆದುಕೊಂಡು ಹೋಗಲಾ? ಈಗಿನ ಮಕ್ಕಳು ಬೇರೆ, ಮನಸ್ಸಿಗೆ ಹಚ್ಚಿಕೊಳ್ಳುತ್ತವೆ ಅಂತ ನಮ್ಮ ಮನೆಯವರು ಹೇಳುತ್ತಿದ್ದಾರೆ. ನಿಮ್ಮ ಅಪ್ಪ ಅಮ್ಮ ಇಂಥ ಹೊತ್ತಿನಲ್ಲಿ ಏನು ಮಾಡಿದ್ದರು?

ಹಾಲಿನ ಲೆಕ್ಕ

ತಂಗಿ, ನಾನು 22 ವರ್ಷ ಡೇರಿ ಸೆಕ್ರೆಟರಿಯಾಗಿ ಕೆಲಸ ಮಾಡಿದವನು. ನಿಮ್ಮ ಬರಹ ಓದಿ ಕಣ್ಣು ತುಂಬಿ ಬಂತು. ಆ ಮೇಜಿನ ಈಚೆ ಕಡೆ ನಿಂತವನ ಮಾತನ್ನೂ ಸ್ವಲ್ಪ ಕೇಳಿ.

ಅರ್ಧ ಲೀಟರ್ ನೀರು ಯಾಕೆ ದೊಡ್ಡ ವಿಷಯ ಅಂದರೆ, ಊರಿನವರ ಹಾಲೆಲ್ಲಾ ಒಂದೇ 40 ಲೀಟರಿನ ಕ್ಯಾನಿಗೆ ಬೀಳುತ್ತದೆ. ಶೀತಲ ಕೇಂದ್ರದಲ್ಲಿ ಇಡೀ ಸಂಘದ ಹಾಲಿಗೆ ಮತ್ತೆ ಟೆಸ್ಟ್ ಆಗುತ್ತದೆ. ಹಸುವಿನ ಹಾಲಿಗೆ ಫ್ಯಾಟು ಶೇಕಡಾ 3.5, ಎಸ್ಎನ್ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) 8.5 ಇರಬೇಕು ಅಂತ ನಮ್ಮ ಕಾಲದ ಲೆಕ್ಕ. ಅಲ್ಲಿ ಕಡಿಮೆ ಬಂದರೆ ಪೆಟ್ಟು ಎಲ್ಲರಿಗೂ. ಒಂದೇ ಹಸು ಕಟ್ಟಿಕೊಂಡು ಒಂಟಿಯಾಗಿ ಬದುಕುವ ಅಜ್ಜಿಯ ಬಟವಾಡೆಗೂ ಅದು ತಾಗುತ್ತದೆ. ನಿಮ್ಮಪ್ಪ "ದುಡ್ಡು ಬರೀಬೇಡಿ" ಅಂದರಲ್ಲ, ಅವರಿಗೆ ಅದು ಗೊತ್ತಿತ್ತು.

ಇನ್ನೊಂದು ಮಾತು. ಡಿಗ್ರಿ ಇಳಿದ ತಕ್ಷಣ ಕಳ್ಳತನ ಅನ್ನಬಾರದು. ಆಗ ತಾನೇ ಕರೆದ ಬಿಸಿ ಹಾಲಿಗೆ ಲ್ಯಾಕ್ಟೋಮೀಟರ್ ಕಡಿಮೆ ತೋರಿಸುತ್ತದೆ. ಹಸುವಿಗೆ ಕೆಚ್ಚಲು ಬಾವು ಆಗಿದ್ದರೂ ಹಾಲಿನ ಗಟ್ಟಿ ಅಂಶ ಇಳಿಯುತ್ತದೆ. ಬೇಸಿಗೆಯಲ್ಲಿ ಮೇವು ಹಿಂಡಿ ಸಾಲದೆ ಎಷ್ಟೋ ಮನೆಯ ಹಾಲು ತೆಳ್ಳಗಾಗುವುದನ್ನು ನೋಡಿದ್ದೇನೆ. ಸಾಲಿನಲ್ಲಿ ಎಲ್ಲರ ಮುಂದೆ ಒಂದು ಮಗುವನ್ನು ಹಾಗೆ ಕೇಳಬಾರದಿತ್ತು. ನಾನೂ ಎಷ್ಟೋ ಸಲ ಆ ತಪ್ಪು ಮಾಡಿದ್ದೇನೆ. ಒಮ್ಮೆ ಒಬ್ಬ ಹೆಣ್ಣುಮಗಳಿಗೆ ಹಾಗೆ ಅಂದು, ಎರಡು ದಿನ ಬಿಟ್ಟು ಅವರ ಹಸುವಿಗೆ ಕೆಚ್ಚಲು ಬಾವು ಅಂತ ಗೊತ್ತಾಯಿತು. ಅವರ ಮನೆಗೆ ಹೋಗಿ ತಪ್ಪಾಯಿತು ಅಂದೆ. ಆದರೆ ನಾನು ಅಂದದ್ದು ಹತ್ತು ಜನರ ಮುಂದೆ, ತಪ್ಪಾಯಿತು ಅಂದದ್ದು ಅವರ ಮನೆ ಬಾಗಿಲಲ್ಲಿ. ಅದು ಸಮ ಆಗಲಿಲ್ಲ.

ಮಗನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಅನ್ನೋದೇ ನನ್ನ ಅಭಿಪ್ರಾಯ. ಆದರೆ ಅಂಗಡಿಯಲ್ಲಿ ಜನ ಇಲ್ಲದ ಹೊತ್ತು ನೋಡಿ.

ಗದಗಿನ ಹುಡುಗ

ಅಕ್ಕ, ನನ್ನ ಕಥೆ ಸ್ವಲ್ಪ ಉಲ್ಟಾ. ನಮ್ಮವ್ವ ನನಗೆ ಸುಳ್ಳು ಹೇಳಲು ಕಲಿಸಿದವಳು. ಬೇಜಾರು ಮಾಡಿಕೊಳ್ಳದೆ ಓದಿ.

ಅವ್ವ ಕೂಲಿಗೆ ಹೋಗುತ್ತಿದ್ದಳು. ತವರಿಗೆ ಹೋಗಬೇಕಾದರೆ ಬಸ್ಸು. ಬಸ್ಸಿನಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಆಮೇಲೆ 12ರ ತನಕ ಅರ್ಧ ಟಿಕೆಟ್. ನನಗೆ 8 ತುಂಬಿತ್ತು, ಆದರೆ ನೋಡಲು ಸಣ್ಣಗಿದ್ದೆ. ಹತ್ತುವ ಮುಂಚೆ ಅವ್ವ ಹೇಳಿದಳು: "ಕೇಳಿದ್ರ ಐದು ವರ್ಷ ಅನ್ನು." ನಾನು ಹೂಂ ಅಂದೆ. ಕಂಡಕ್ಟರ್ ಬಂದರು. ವಯಸ್ಸು ಕೇಳಲೇ ಇಲ್ಲ, ಯಾವ ಕ್ಲಾಸು ಅಂತ ಕೇಳಿದರು. "ಎಷ್ಟನೇತ್ತಾಪಾ?" ಅಂದರು. ನಾನು ಖುಷಿಯಿಂದ ಎದೆಯುಬ್ಬಿಸಿ ಹೇಳಿದೆ: "ಮೂರನೇತ್ತಾ!"

ಅವ್ವ ತಲೆ ತಗ್ಗಿಸಿದಳು. ಸೆರಗಿನ ಗಂಟು ಬಿಚ್ಚಿ ಅರ್ಧ ಟಿಕೆಟಿನ ದುಡ್ಡು ಕೊಟ್ಟಳು. ಕಂಡಕ್ಟರ್ ಏನೂ ಅನ್ನಲಿಲ್ಲ, ನನ್ನ ತಲೆ ಸವರಿ ಮುಂದೆ ಹೋದರು.

ವಾಪಸ್ ಬರುವಾಗ ದುಡ್ಡು ಸಾಲಲಿಲ್ಲ. ಎಲ್ಲಿಯವರೆಗೆ ಇಬ್ಬರ ಟಿಕೆಟಿಗೆ ಆಗುತ್ತದೋ ಅಲ್ಲಿವರೆಗೆ ಬಸ್ಸಿನಲ್ಲಿ ಬಂದು ಇಳಿದೆವು. ಅಲ್ಲಿಂದ ಊರಿಗೆ 6 ಕಿಲೋಮೀಟರ್. ಬಿಸಿಲು. ಅವ್ವ ತಲೆ ಮೇಲೆ ಗಂಟು ಹೊತ್ತು ಮುಂದೆ, ನಾನು ಹಿಂದೆ. ನನ್ನಿಂದಲೇ ಹೀಗಾಯಿತು ಅಂತ ನಾನು ಅಳಲು ಶುರುಮಾಡಿದೆ. ಅವ್ವ ನಿಂತಳು. ಗಂಟು ಇಳಿಸಿದಳು. ಕರಿಕಿ ಬೆಳೆದ ದಂಡೆ ಮೇಲೆ ನನ್ನ ಕೂರಿಸಿಕೊಂಡು ಹೇಳಿದಳು: "ತಪ್ಪು ನಂದ ಐತಿ. ನೀ ಖರೇ ಹೇಳಿದಿ. ಅಳಬ್ಯಾಡ."

ಆಮೇಲೆ ಯಾವತ್ತೂ ನನಗೆ ವಯಸ್ಸು ಕಡಿಮೆ ಹೇಳು ಅನ್ನಲಿಲ್ಲ. ದುಡ್ಡು ಇಲ್ಲದಿದ್ದರೆ ತವರಿಗೆ ಹೋಗುವುದನ್ನೇ ಬಿಟ್ಟಳು. ಒಂದು ವರ್ಷ ಪಂಚಮಿಗೂ ಹೋಗಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಪಂಚಮಿಗೆ ತವರು ತಪ್ಪಿಸುವುದು ಅಂದರೆ ಏನು ಅಂತ ಗೊತ್ತಿದ್ದವರಿಗೆ ಗೊತ್ತು.

ದೊಡ್ಡವರು ಮಕ್ಕಳ ಮುಂದೆ "ತಪ್ಪು ನಂದು" ಅನ್ನುವುದು ಕಷ್ಟ. ಅವ್ವ ಅಂದಳು. ನಾನು ಕಲಿತದ್ದು ಅಲ್ಲಿ.

ಇಬ್ಬರು ಮಕ್ಕಳ ತಾಯಿ

ಎಲ್ಲರೂ ಭಾವುಕರಾಗಿದ್ದೀರಿ, ಅದು ಅರ್ಥವಾಗುತ್ತದೆ. ಆದರೆ ನನಗೆ ಒಂದು ಹೆದರಿಕೆ ಇದೆ, ಹೇಳಲೇಬೇಕು.

ನನಗೂ ಹೀಗೇ ಆಗಿತ್ತು. ಪಕ್ಕದ ಮನೆಯಿಂದ ಒಂದು ಗೊಂಬೆ ಎತ್ತಿಕೊಂಡು ಬಂದಿದ್ದೆ. ಏಳು ವರ್ಷ ಇರಬೇಕು. ಅಪ್ಪ ನನ್ನ ಕಿವಿ ಹಿಡಿದು ಬೀದಿಯುದ್ದಕ್ಕೂ ಎಳೆದುಕೊಂಡು ಹೋಗಿ, ಅವರ ಮನೆ ಮುಂದೆ ನಿಲ್ಲಿಸಿ, "ನಾನು ಕಳ್ಳಿ ಅಂತ ಹೇಳು" ಅಂದರು. ಹೇಳಿದೆ. ಬೀದಿ ಮಕ್ಕಳೆಲ್ಲಾ ನೋಡುತ್ತಿದ್ದರು. ಆಮೇಲೆ ಎಷ್ಟೋ ವರ್ಷ ಅವರು ನನ್ನನ್ನು ಕರೆದದ್ದು ಆ ಹೆಸರಿನಿಂದಲೇ. ನಾನು ಅದರಿಂದ ಪ್ರಾಮಾಣಿಕಳಾಗಲಿಲ್ಲ. ಸಿಕ್ಕಿಬೀಳದ ಹಾಗೆ ಇರುವುದನ್ನು ಕಲಿತೆ. ಅಪ್ಪನಿಗೆ ಯಾವ ವಿಷಯವನ್ನೂ ಹೇಳಬಾರದು ಅಂತ ಕಲಿತೆ. ಅವರು ತೀರಿಕೊಳ್ಳುವವರೆಗೂ ಹೇಳಲಿಲ್ಲ.

ಅಂಗಡಿಗೆ ಕರೆದುಕೊಂಡು ಹೋಗಬೇಡಿ ಅನ್ನುತ್ತಿಲ್ಲ. ಆದರೆ ಯಾವ ಮನಸ್ಸಿನಿಂದ ಹೋಗುತ್ತೀರಿ ಅನ್ನೋದನ್ನ ನೋಡಿಕೊಳ್ಳಿ.

ನಾಗಮಂಗಲದ ಮಗಳು

ಇಬ್ಬರು ಮಕ್ಕಳ ತಾಯಿ ಅವರೇ, ನಿಮ್ಮ ಮಾತು ಎದೆಗೆ ನಾಟಿತು. ಇಷ್ಟು ಬಿಚ್ಚಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇಬ್ಬರ ಅಪ್ಪಂದಿರೂ ಮಾಡಿದ್ದು ಮೇಲ್ನೋಟಕ್ಕೆ ಒಂದೇ. ಜನರ ಮುಂದೆ ನಿಲ್ಲಿಸಿದರು. ಆದರೆ ನಮ್ಮಪ್ಪ "ನೀರು ಹಾಕಿದ್ದು ಇವಳು" ಅಂತ ನನ್ನ ಕಡೆ ಕೈ ತೋರಿಸಲಿಲ್ಲ. ಮೊದಲು ತಾವೇ "ತಪ್ಪು ನಮ್ಮ ಮನೆದು" ಅಂದರು. ನಾನು ಹೇಳಬೇಕಾಗಿದ್ದು ಅವ್ವನ ಮೇಲಿನ ಸುಳ್ಳನ್ನು ತೊಳೆಯುವಷ್ಟು ಮಾತ್ರ. ಅವ್ವನ ಮೇಲೆ ಸುಳ್ಳು ಬಿದ್ದದ್ದು ಆ ಸಾಲಿನಲ್ಲಿ, ಅದಕ್ಕೆ ಆ ಸಾಲಿಗೇ ಹೋಗಬೇಕಾಯಿತು. ನೀವು ಹೇಳುವವರೆಗೂ ನಾನು ಈ ವ್ಯತ್ಯಾಸ ಯೋಚಿಸಿರಲೇ ಇಲ್ಲ.

ಸಾಗರದ ಮೇಷ್ಟ್ರು

ಮೂವತ್ತು ವರ್ಷ ಪ್ರೈಮರಿ ಮಕ್ಕಳ ಜೊತೆ ಕಳೆದಿದ್ದೇನೆ. ಇಬ್ಬರು ಮಕ್ಕಳ ತಾಯಿ ಹೇಳಿದ್ದು ನೂರಕ್ಕೆ ನೂರು ನಿಜ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವಿಕ್ಟೋರಿಯಾ ತಲ್ವಾರ್ ಎಂಬುವವರು ಮಕ್ಕಳ ಸುಳ್ಳಿನ ಬಗ್ಗೆ ಬಹಳ ವರ್ಷದಿಂದ ಕೆಲಸ ಮಾಡಿದ್ದಾರೆ. ಅವರ ಒಂದು ಪ್ರಯೋಗ ಹೀಗಿದೆ. 4ರಿಂದ 8 ವರ್ಷದ ಮಗುವನ್ನು ಕೋಣೆಯಲ್ಲಿ ಕೂರಿಸುತ್ತಾರೆ. ಬೆನ್ನ ಹಿಂದೆ ಒಂದು ಆಟಿಕೆ. ತಿರುಗಿ ನೋಡಬೇಡ ಅಂತ ಹೇಳಿ ಒಂದು ನಿಮಿಷ ಹೊರಗೆ ಹೋಗುತ್ತಾರೆ. ಕ್ಯಾಮೆರಾ ಮಾತ್ರ ನೋಡುತ್ತಿರುತ್ತದೆ. ಮೂರರಲ್ಲಿ ಎರಡು ಪಾಲು ಮಕ್ಕಳು ತಿರುಗಿ ನೋಡಿದರು. ಆಮೇಲೆ ಬಂದು ಕೇಳಿದರು. ಶಿಕ್ಷೆ ಆಗುತ್ತದೆ ಅಂತ ಹೇಳಿಸಿಕೊಂಡ ಮಕ್ಕಳು ನಿಜ ಹೇಳಿದ್ದು ಕಡಿಮೆ. ನಿಜ ಹೇಳಿದರೆ ನನಗೆ ಖುಷಿಯಾಗುತ್ತದೆ ಅಂತಲೋ, ನಿಜ ಹೇಳುವುದು ಸರಿಯಾದ ಕೆಲಸ ಅಂತಲೋ ಹೇಳಿದಾಗ ಬಾಯಿಬಿಟ್ಟವರು ಜಾಸ್ತಿ. ಕ್ಲಾಸಿನಲ್ಲಿ ಬೆತ್ತ ಹಿಡಿದು "ಯಾರು ಮಾಡಿದ್ದು?" ಅಂದಾಗ ಒಂದು ಕೈಯೂ ಮೇಲೇಳದೆ ಇದ್ದದ್ದನ್ನು ನಾನೂ ಕಂಡಿದ್ದೇನೆ. ಬೆತ್ತ ಬಿಟ್ಟ ಮೇಲೆ ಕೈ ಎದ್ದದ್ದನ್ನೂ ಕಂಡಿದ್ದೇನೆ.

ಗಾಂಧೀಜಿ ಹುಡುಗನಾಗಿದ್ದಾಗಿನ ಒಂದು ಘಟನೆಯನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. 15 ವರ್ಷ. ಅಣ್ಣ 25 ರೂಪಾಯಿ ಸಾಲ ಮಾಡಿಕೊಂಡಿದ್ದ. ಅದನ್ನು ತೀರಿಸಲು ಅಣ್ಣನ ತೋಳಿನ ಚಿನ್ನದ ಕಡಗದಿಂದಲೇ ಒಂದು ಚೂರು ಕತ್ತರಿಸಿದರು. ಸಾಲ ತೀರಿತು, ಮನಸ್ಸು ತಡೆಯಲಿಲ್ಲ. ಬಾಯಲ್ಲಿ ಹೇಳಲು ಧೈರ್ಯ ಸಾಲದೆ ಚೀಟಿ ಬರೆದು, ಕಾಯಿಲೆಯಿಂದ ಮಲಗಿದ್ದ ತಂದೆಯ ಕೈಗೆ ಕೊಟ್ಟರು. ನನಗೆ ಶಿಕ್ಷೆ ಕೊಡಿ, ನನ್ನ ತಪ್ಪಿಗೆ ನಿಮ್ಮನ್ನು ನೀವು ದಂಡಿಸಿಕೊಳ್ಳಬೇಡಿ ಅಂತ ಬರೆದಿದ್ದರು. ತಂದೆ ಎದ್ದು ಕೂತು ಓದಿದರು. ಕಣ್ಣೀರು ಇಳಿದು ಚೀಟಿ ಒದ್ದೆಯಾಯಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು, ಚೀಟಿ ಹರಿದುಹಾಕಿದರು, ಮತ್ತೆ ಮಲಗಿದರು. ಒಂದು ಬೈಗುಳವಿಲ್ಲ. ಕಥೆ ಇಲ್ಲಿಗೆ ಬಂದಾಗ ನನ್ನ ಕ್ಲಾಸು ಪ್ರತಿ ವರ್ಷವೂ ಒಂದೇ ರೀತಿ ಮೌನವಾಗುತ್ತಿತ್ತು.

ನಾಗಮಂಗಲದ ಮಗಳೇ, ನಿಮ್ಮ ಮಗ ಎರಡನೇ ಸಲ ಕೇಳಿದಾಗ ಹೇಳಿದ್ದಾನೆ. ಆ ಕಡೆಗೂ ಸ್ವಲ್ಪ ನೋಡಿ. "ನಿಜ ಹೇಳಿದೆಯಲ್ಲ, ಒಳ್ಳೇದಾಯಿತು" ಅಂತ ಅವನಿಗೆ ಹೇಳಿದಿರಾ?

ನಾಗಮಂಗಲದ ಮಗಳು

ಇಲ್ಲ ಸರ್. ಹೇಳಲಿಲ್ಲ. ಬೈದೆ. ಈಗಲೇ ಹೋಗಿ ಹೇಳುತ್ತೇನೆ.

ಪಹಣಿ ಬರೆಯುವವರ ಮನೆ

ಈ ಚರ್ಚೆಯಲ್ಲಿ ನಾನು ಬರೆಯಬೇಕಾ ಬೇಡವಾ ಅಂತ ಎರಡು ಸಲ ಯೋಚಿಸಿದೆ.

ನಮ್ಮಪ್ಪ ಊರೂರಿನ ಪಹಣಿ ಬರೆಯುವ ಕೆಲಸದಲ್ಲಿದ್ದರು. 2000ದ ಸುಮಾರಿಗೆ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತಲ್ಲ, ಅದಕ್ಕೆ ಮುಂಚಿನ ಮಾತು. ಎಲ್ಲಾ ಕೈಬರಹ. ಯಾರದೋ ಜಮೀನು ಯಾರದೋ ಹೆಸರಿಗೆ ಹೋಗಲು ಒಂದು ಸಾಲು ಸಾಕಿತ್ತು. ಅಪ್ಪ ಆ ಒಂದು ಸಾಲು ಯಾವತ್ತೂ ಬರೆಯಲಿಲ್ಲ. ಅದಕ್ಕೆ ಸಿಕ್ಕಿದ್ದು 11 ವರ್ಗಾವಣೆ. ನಾನು ಹತ್ತನೇ ಕ್ಲಾಸು ಮುಗಿಸುವಷ್ಟರಲ್ಲಿ 7 ಸ್ಕೂಲು ಬದಲಿಸಿದ್ದೆ. ಒಂದು ಮನೆ ಕಟ್ಟಲಾಗಲಿಲ್ಲ. ಅಮ್ಮನಿಗೆ ಹುಷಾರಿಲ್ಲದಾಗ ಬಳೆ ಅಡವಿಟ್ಟು ಆಸ್ಪತ್ರೆಗೆ ಕಟ್ಟಿದೆವು.

ಅಪ್ಪನ ಬಗ್ಗೆ ನನಗೆ ಹೆಮ್ಮೆ ಇದೆ. ಸಿಟ್ಟೂ ಇದೆ. ಅವರ ಪ್ರಾಮಾಣಿಕತೆಗೆ ಬೆಲೆ ಕಟ್ಟಿದವಳು ಅಮ್ಮ. ಅವಳನ್ನು ಯಾರೂ ಕೇಳಲಿಲ್ಲ. ಮಕ್ಕಳಿಗೆ ಕಲಿಸುವಾಗ ಇದನ್ನೂ ಹೇಳಬೇಕು ಅನ್ನಿಸುತ್ತದೆ. ಸತ್ಯ ಹೇಳಿದರೆ ಎಲ್ಲಾ ಒಳ್ಳೆಯದಾಗುತ್ತದೆ ಅಂತ ಹೇಳಿ ಬೆಳೆಸಿದರೆ, ಒಳ್ಳೆಯದಾಗದ ದಿನ ಮಗು ನಮ್ಮನ್ನೇ ಸುಳ್ಳುಗಾರರು ಅಂದುಕೊಳ್ಳುತ್ತದೆ.

ಗದಗಿನ ಹುಡುಗ

ಅಣ್ಣ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ನಮ್ಮವ್ವನಿಗೂ ಅದು 6 ಕಿಲೋಮೀಟರ್ ಬಿಸಿಲೇ. ಅಮ್ಮ ಈಗ ಹೇಗಿದ್ದಾರೆ?

ಪಹಣಿ ಬರೆಯುವವರ ಮನೆ

ಚೆನ್ನಾಗಿದ್ದಾರೆ. ನನ್ನ ಜೊತೆಗೇ ಇದ್ದಾರೆ. ಈ ಚರ್ಚೆ ಓದಿ ಹೇಳಿದೆ. "ನಿಮ್ಮಪ್ಪ ಬಳೆ ಬಿಡಿಸಿಕೊಟ್ಟರು, ಅದನ್ಯಾಕೆ ಬರೆಯಲಿಲ್ಲ?" ಅಂತ ಕೇಳಿದರು. ಹೌದು, ನಿವೃತ್ತಿಯ ದುಡ್ಡು ಬಂದಾಗ ಮೊದಲು ಬಳೆ ಬಿಡಿಸಿದ್ದರು. ಅದನ್ನು ನಾನು ಮರೆತಿದ್ದೆ.

ಉಡುಪಿಯ ಅಂಗಡಿ ಮನೆ

ನಮ್ಮದು ಜಿನಸಿ ಅಂಗಡಿ. ಅಜ್ಜನ ಕಾಲದ್ದು. ಒಂದೇ ಒಂದು ವಿಷಯ ಹೇಳಿಬಿಡುತ್ತೇನೆ.

ಪ್ಲಾಸ್ಟಿಕ್ ತೊಟ್ಟೆ ಬರುವ ಮುಂಚೆ ಸಕ್ಕರೆ, ಬೇಳೆ ಎಲ್ಲಾ ಹಳೆ ಪೇಪರಿನ ಪೊಟ್ಟಣದಲ್ಲಿ ಕಟ್ಟುತ್ತಿದ್ದೆವು. ತಕ್ಕಡಿಯ ಒಂದು ತಟ್ಟೆಯಲ್ಲಿ ಪೇಪರ್ ಹಾಸಿ ಅದರ ಮೇಲೆ ಸಕ್ಕರೆ ಸುರಿಯುವುದು. ಅಪ್ಪ ಏನು ಮಾಡುತ್ತಿದ್ದರು ಅಂದರೆ, ತೂಕದ ಕಲ್ಲು ಇಡುವ ತಟ್ಟೆಗೂ ಅಷ್ಟೇ ದೊಡ್ಡ ಒಂದು ಪೇಪರ್ ಹಾಕುತ್ತಿದ್ದರು. ನಾನು ಸಣ್ಣವನಿದ್ದಾಗ ಅದು ಯಾಕೆ ಅಂತ ಕೇಳಿದೆ. "ಇಲ್ಲದಿದ್ದರೆ ಅವರು ಸಕ್ಕರೆಯ ದುಡ್ಡಲ್ಲಿ ಪೇಪರ್ ತಗೊಂಡ ಹಾಗೆ ಆಗ್ತದೆ" ಅಂದರು. ತೂಕದ ಕಲ್ಲಿಗೆ, ತಕ್ಕಡಿಗೆ ಇಲಾಖೆಯವರು ಮುದ್ರೆ ಹೊಡೆದು ಹೋಗುತ್ತಿದ್ದರು. ಆ ಪೇಪರ್ ತುಂಡಿನ ಲೆಕ್ಕ ಯಾವ ಮುದ್ರೆಯಲ್ಲೂ ಇಲ್ಲ. ಯಾರೂ ಕೇಳುವವರಿಲ್ಲ. ಒಂದೆರಡು ಗ್ರಾಂ ಇರಬಹುದು ಅಷ್ಟೇ. ಅಪ್ಪ ಅಂಗಡಿಯಲ್ಲಿ ಕೂತಷ್ಟು ವರ್ಷ ಹಾಕಿದರು.

ಈಗ ಅಂಗಡಿ ನಾನು ನೋಡಿಕೊಳ್ಳುತ್ತೇನೆ. ಎಲೆಕ್ಟ್ರಾನಿಕ್ ತಕ್ಕಡಿ. ತೊಟ್ಟೆ ಇಟ್ಟು ಸೊನ್ನೆ ಒತ್ತಿಯೇ ಸಾಮಾನು ಹಾಕುತ್ತೇನೆ.

ಅಂಗಡಿಯವನಾಗಿ ನಾಗಮಂಗಲದ ಅಕ್ಕನಿಗೆ ಒಂದು ಮಾತು. ಬೇಗ ಹೋಗಿ. ರಾತ್ರಿ ಗಲ್ಲಾ ಎಣಿಸುವಾಗ 300 ಕಡಿಮೆ ಬಂದರೆ ನಾವು ಮೊದಲು ನೋಡುವುದು ಕೆಲಸದ ಹುಡುಗರ ಮುಖ. ಹೇಳಲು ಕಷ್ಟ, ಆದರೆ ಅದು ಹಾಗೇ.

ನಾಗಮಂಗಲದ ಮಗಳು (ಎರಡು ದಿನದ ನಂತರ)

ಹೋಗಿ ಬಂದೆವು. ಉಡುಪಿಯ ಅಣ್ಣನ ಮಾತು ಓದಿದ ಮೇಲೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಮಗನ ಹತ್ತಿರ ಕೂತೆ. ಮೇಷ್ಟ್ರು ಹೇಳಿದ ಹಾಗೆ, ನಿಜ ಹೇಳಿದ್ದಕ್ಕೆ ನನಗೆ ಸಮಾಧಾನ ಆಯಿತು, ಬೈದದ್ದು ತಪ್ಪಾಯಿತು ಅಂದೆ. ಅವನು ಏನೂ ಮಾತಾಡಲಿಲ್ಲ. ಆಮೇಲೆ ಡೇರಿ ಕಥೆ ಹೇಳಿದೆ. ಅಲ್ಲಿವರೆಗೆ ಅವನಿಗೆ ಅದನ್ನು ಹೇಳಿರಲೇ ಇಲ್ಲ. ಅಮ್ಮನೂ ಹೀಗೆ ಮಾಡಿದ್ದಳು ಅಂತ ಗೊತ್ತಾದರೆ ಸದರ ಆಗುತ್ತದೆ ಅಂತ ಮುಚ್ಚಿಟ್ಟಿದ್ದೆ. ಅವನು ಪೂರ್ತಿ ಕೇಳಿದ. ಕೊನೆಗೆ ಒಂದೇ ಪ್ರಶ್ನೆ: "ಅಜ್ಜಿ ನಿನ್ನ ಮೇಲೆ ಕೋಪ ಮಾಡ್ಕೊಂಡ್ರಾ?" ನನಗೆ ಉತ್ತರ ಹೊಳೆಯಲಿಲ್ಲ. ಅವ್ವ ನನಗೆ ಒಂದು ಮಾತೂ ಆಡಿರಲಿಲ್ಲ. ಮರುದಿನ ಸ್ಕೂಲಿಗೆ ಹೊರಟಾಗ ಎಂದಿನ ಹಾಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದಳು. ಬಿಗಿಯಾಗಿ ಹಾಕಿದ್ದಳು, ಅದು ನೆನಪಿದೆ. ಅದನ್ನೇ ಹೇಳಿದೆ.

ಮಧ್ಯಾಹ್ನ 3 ಗಂಟೆಗೆ ಹೋದೆವು, ಅಂಗಡಿ ಖಾಲಿ ಇರುವ ಹೊತ್ತು. ನಾನೇ ಮೊದಲು ಹೇಳಿದೆ: "ಮೊನ್ನೆ ನಿಮ್ಮ ದುಡ್ಡು ನಮ್ಮ ಮನೆಗೆ ಬಂದುಬಿಟ್ಟಿತ್ತು. ತಪ್ಪು ನಮ್ಮದು." ಮಗ ಜೇಬಿನಿಂದ 300 ತೆಗೆದು ಮೇಜಿನ ಮೇಲಿಟ್ಟ. ಯಜಮಾನರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಒಳಗೆ ತಿರುಗಿ ಕೆಲಸದ ಹುಡುಗನನ್ನು ಕರೆದರು. ಇಪ್ಪತ್ತು ವರ್ಷ ಇರಬಹುದು. ಅವತ್ತು ಚಿಲ್ಲರೆ ಕೊಟ್ಟವನು ಅವನೇ. ಆ 300 ಅವನ ಸಂಬಳದಲ್ಲಿ ಹಿಡಿಯುವುದು ಅಂತ ಆಗಲೇ ಮಾತಾಗಿತ್ತು.

ಮಗನಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅವನ ಮುಖ ನೋಡಿದೆ. ತುಟಿ ನಡುಗುತ್ತಿತ್ತು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಅವನೇ ಆ ಹುಡುಗನ ಕಡೆ ತಿರುಗಿ, "ಸಾರಿ ಅಣ್ಣ, ನೀವು ಜಾಸ್ತಿ ಕೊಟ್ಟಿದ್ದು ನಂಗೆ ಅವತ್ತೇ ಗೊತ್ತಿತ್ತು" ಅಂದ. ನನ್ನ ಕೈ ಆಗಲೇ ಅವನ ಹೆಗಲ ಮೇಲಿತ್ತು. ಯಾವಾಗ ಇಟ್ಟೆನೋ ಗೊತ್ತಿಲ್ಲ.

ಯಜಮಾನರು ಆ ಹುಡುಗನಿಗೆ, "ನಂದೂ ತಪ್ಪಾಯ್ತು ಮರಿ" ಅಂದರು. ನಮ್ಮ ಮುಂದೆಯೇ ಅಂದರು. ಹಾಲಿನ ಲೆಕ್ಕದ ಅಣ್ಣ, ಆಗ ನಿಮ್ಮ ನೆನಪಾಯಿತು.

ಎಲ್ಲಾ ಸರಿಹೋಯಿತು ಅಂತ ಹೇಳಲಾರೆ. ಮನೆಗೆ ಬಂದ ಮೇಲೆ ಮಗ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಇವತ್ತಿಗೆ ಎರಡನೇ ದಿನ. ಊಟ ಮಾಡುತ್ತಾನೆ, ಓದುತ್ತಾನೆ, ಕೇಳಿದ್ದಕ್ಕೆ ಮಾತ್ರ ಉತ್ತರ. ಅವನಿಗೆ ನೋವಾಗಿದೆ. ಕಾಯುತ್ತೇನೆ.

ಇಬ್ಬರು ಮಕ್ಕಳ ತಾಯಿ

ಕಾಯಿರಿ. ನೀವು ಸರಿಯಾಗಿ ಮಾಡಿದಿರಿ. ನನ್ನ ಹೆದರಿಕೆ ಹೋಯಿತು.

ಹಾಲಿನ ಲೆಕ್ಕ

ತಂಗಿ, ಆ ಯಜಮಾನರು ಕೆಲಸದ ಹುಡುಗನಿಗೆ ಎಲ್ಲರ ಮುಂದೆ ತಪ್ಪಾಯಿತು ಅಂದರಲ್ಲ. ಅದು ಓದಿ ನನಗೆ ಒಂದು ಕೆಲಸ ಬಾಕಿ ಇದೆ ಅನ್ನಿಸಿತು. ನಾನು ಹೇಳಿದ ಆ ಹೆಣ್ಣುಮಗಳು ಈಗಲೂ ನಮ್ಮ ಸಂಘಕ್ಕೆ ಹಾಲು ಹಾಕುತ್ತಾರೆ. ಈ ಸಲದ ವಾರ್ಷಿಕ ಸಭೆಗೆ ನಾನೂ ಹೋಗುತ್ತೇನೆ.

ಸಾಗರದ ಮೇಷ್ಟ್ರು

ಅಂಗಡಿಗೆ ಮತ್ತೆ ಅವನನ್ನು ಕಳಿಸಿದಿರಾ?

ನಾಗಮಂಗಲದ ಮಗಳು

ಇವತ್ತು ಸಂಜೆ ಮೊಸರು, ಕೊತ್ತಂಬರಿ ಸೊಪ್ಪು ಬೇಕಿತ್ತು ಸರ್. ಪರ್ಸಿನಲ್ಲಿ 100 ಇತ್ತು, 500ರ ನೋಟೂ ಇತ್ತು. 500 ತೆಗೆದು ಅವನ ಕೈಗೆ ಕೊಟ್ಟೆ. ನೋಟನ್ನು ನೋಡಿದ, ನನ್ನನ್ನು ನೋಡಿದ. ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿದು ಹೋದ. ಬಾಲ್ಕನಿಯಿಂದ ನೋಡುತ್ತಾ ಬರೆಯುತ್ತಿದ್ದೇನೆ. ಅಂಗಡಿ ಮುಂದೆ ಆ ಹುಡುಗನ ಜೊತೆ ಏನೋ ಮಾತಾಡುತ್ತಾ ನಿಂತಿದ್ದಾನೆ.